ಗುಜರಿ, ಎಕ್ಕದ ಕಾಯಿ, ಮರದ ವಿಮಾನ: ಹಳೇ ಹೈಸ್ಕೂಲೊಂದರ ಕಾಗದಗಳ ಜೊತೆ ಆರು ತಿಂಗಳು

ಮಗಳಿಗೆ ನಲವತ್ತು ಗಂಟೆ ಸಮಾಜಸೇವೆ ಬೇಕಿತ್ತು. ಅವಳ ಹೈಸ್ಕೂಲಿನಲ್ಲಿ ಅದೊಂದು ಲೆಕ್ಕ. ಎಲ್ಲಾದರೂ ಸಂಬಳವಿಲ್ಲದೆ ಕೆಲಸ ಮಾಡಿ, ಫಾರಂಗೆ ಸಹಿ ಹಾಕಿಸಿಕೊಂಡು ಬರಬೇಕು. ನಾವಿರುವುದು ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್‌ನಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆ ದಾರಿ. ಇಲ್ಲಿಯ ಕನ್ನಡದವರಲ್ಲಿ ಬಹಳ ಮಂದಿಯಂತೆ ನಾನೂ ಕಾರಿನ ಕಂಪನಿಯವನೇ. ಊರಿನ ಲೈಬ್ರರಿಯಲ್ಲಿ ಹಳೇ ಕಾಗದಗಳನ್ನು ಸ್ಕ್ಯಾನ್ ಮಾಡಲು ಜನ ಬೇಕು ಅಂತ ಬೋರ್ಡ್ ಹಾಕಿದ್ದರು. ಮಗಳಿಗೆ ಇನ್ನೂ ಲೈಸೆನ್ಸ್ ಬಂದಿರಲಿಲ್ಲ, ಹಾಗಾಗಿ ಕರೆದುಕೊಂಡು ಹೋಗುವ ಡ್ರೈವರ್ ನಾನು. ಮೊದಲ ಶನಿವಾರ ಸುಮ್ನೆ ಮೂಲೆಯಲ್ಲಿ ಕೂತು ಫೋನ್ ನೋಡುತ್ತಿದ್ದವನನ್ನು ಲೈಬ್ರರಿಯವರು, "ನೀವೂ ಒಂದು ಕೈ ಹಾಕಬಹುದಲ್ಲ" ಅಂದರು. ಅಷ್ಟೇ. ಮಗಳ ನಲವತ್ತು ಗಂಟೆ ಯಾವತ್ತೋ ಮುಗಿಯಿತು, ನನ್ನದು ಮಾತ್ರ ಆರು ತಿಂಗಳು ನಡೆಯಿತು.

ಪೆಟ್ಟಿಗೆಗಳು ಬಂದಿದ್ದು ಊರಿನ ಹಳೇ ಹೈಸ್ಕೂಲಿನ ನೆಲಮಾಳಿಗೆಯಿಂದ. ಹನ್ನೊಂದು ಪೆಟ್ಟಿಗೆ. 1938ರಿಂದ 1947ರವರೆಗಿನ ವಿದ್ಯಾರ್ಥಿ ಪತ್ರಿಕೆ, ಇಯರ್‌ಬುಕ್ಕು ಅಂತ ಇವರು ಕರೆಯುವ ವಾರ್ಷಿಕ ಸಂಚಿಕೆ, ಮತ್ತೆ ಯಾವ ಫೈಲಿಗೂ ಸೇರದ ಚೂರುಪಾರು. ಕೈಗವಸು ಕೊಡುತ್ತಾರೆ ಅಂದುಕೊಂಡಿದ್ದೆ, ಸಿನಿಮಾದಲ್ಲಿ ಹಾಗೇ ತೋರಿಸುತ್ತಾರಲ್ಲ. ಕೊಡಲಿಲ್ಲ. ಗವಸು ಹಾಕಿದರೆ ಬೆರಳಿಗೆ ಪುಟದ ಅಂಚು ಗೊತ್ತಾಗದೆ ಕಾಗದ ಹರಿಯುತ್ತದಂತೆ. ಸೋಪು ಹಾಕಿ ಕೈ ತೊಳೆದು ಒರೆಸಿಕೊಂಡು ಬನ್ನಿ ಸಾಕು ಅಂದರು. ಫೋಟೋಗಳಿಗೆ ಮಾತ್ರ ಗವಸು. ಮೊದಲ ಕೆಲಸ ತುಕ್ಕು ಹಿಡಿದ ಪಿನ್ನುಗಳನ್ನು ಬಿಡಿಸುವುದು. ಪಿನ್ನಿನ ಸುತ್ತ ಕಾಗದ ಕಂದು ಬಣ್ಣಕ್ಕೆ ತಿರುಗಿ ಹಪ್ಪಳದ ಹಾಗೆ ಆಗಿರುತ್ತದೆ, ಸ್ವಲ್ಪ ಆತುರಪಟ್ಟರೆ ಪುಡಿ. ನಾನು ಎರಡನೇ ವಾರವೇ ಒಂದು ಮೂಲೆ ಪುಡಿ ಮಾಡಿದೆ. ಮಗಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಆಮೇಲೆ ಪುಟವನ್ನು ಗಾಜಿನ ಮೇಲಿಟ್ಟು ಸ್ಕ್ಯಾನ್ ಮಾಡಬೇಕು, ಫೈಲಿಗೆ ಇಸವಿ, ತಿಂಗಳು, ಪುಟದ ನಂಬರ್ ಕೊಟ್ಟು ಹೆಸರಿಡಬೇಕು, ಕಂಪ್ಯೂಟರ್ ಓದಿದ ಅಕ್ಷರಗಳನ್ನು ತಿದ್ದಬೇಕು. ಅಚ್ಚಾದ ಪತ್ರಿಕೆಯಾದರೆ ಪರವಾಗಿಲ್ಲ. ಸ್ಟೆನ್ಸಿಲ್ ಕೊರೆದು ಕೈಯಲ್ಲಿ ತಿರುಗಿಸಿ ತೆಗೆದ ಪ್ರತಿಗಳನ್ನು ಕಂಪ್ಯೂಟರ್ ಓದುವುದೇ ಇಲ್ಲ. ಮಧ್ಯೆ ಮಧ್ಯೆ ಏನೇನೋ ಚಿಹ್ನೆ ಉದುರಿಸಿಬಿಡುತ್ತದೆ. ಅಂಥ ಪುಟಗಳನ್ನು ನಾವೇ ಕೂತು ಟೈಪ್ ಮಾಡಬೇಕು. ಕೊನೆಯ ಕೆಲಸ ಹೆಸರುಗಳ ಪಟ್ಟಿ. ಯಾವ ಹುಡುಗನ ಹೆಸರು ಯಾವ ಪುಟದಲ್ಲಿ ಬಂದಿದೆ ಅಂತ ಒಂದೊಂದೇ ಸಾಲು ಮಾಡಿ ಬರೆಯುವುದು. ಬೇಜಾರಿನ ಕೆಲಸ ಅನ್ನಿಸಿತ್ತು. ನನ್ನನ್ನು ಕೊನೆಗೆ ಹಿಡಿದುಹಾಕಿದ್ದು ಅದೇ.

1941ರ ಸೆಪ್ಟೆಂಬರ್‌ನಿಂದ ಶುರು ಮಾಡಿದೆವು. ಫುಟ್‌ಬಾಲ್, ನಾಟಕ, ಶುಕ್ರವಾರದ ಡ್ಯಾನ್ಸು, ಕ್ಯಾಂಟೀನಿನ ಹಾಲು ತಣ್ಣಗಿಲ್ಲ ಅಂತ ಒಂದು ದೂರು. ಯುದ್ಧ ಯುರೋಪಿನಲ್ಲಿ ಎರಡು ವರ್ಷದಿಂದ ನಡೆಯುತ್ತಿದ್ದರೂ ಈ ಮಕ್ಕಳ ಪತ್ರಿಕೆಯಲ್ಲಿ ಅದರ ಸುಳಿವೇ ಇಲ್ಲ. ಡಿಸೆಂಬರ್ 7 ಭಾನುವಾರ, ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. ಮರುದಿನ ಮಧ್ಯಾಹ್ನ ಹನ್ನೆರಡೂವರೆಗೆ ಅಧ್ಯಕ್ಷ ರೂಸ್‌ವೆಲ್ಟ್ ಸಂಸತ್ತಿನಲ್ಲಿ ಮಾತಾಡಿದ್ದು ರೇಡಿಯೋದಲ್ಲಿ ಬಂತು. ದೇಶದ ಎಷ್ಟೋ ಶಾಲೆಗಳಲ್ಲಿ ಮಕ್ಕಳನ್ನೆಲ್ಲ ಸಭಾಂಗಣದಲ್ಲಿ ಕೂರಿಸಿ ಅದನ್ನು ಕೇಳಿಸಿದರು. ಇಲ್ಲೂ ಹಾಗೇ. ಮುಂದಿನ ಸಂಚಿಕೆಯಲ್ಲಿ ದೊಡ್ಡ ತಲೆಬರಹ ಇರುತ್ತದೆ ಅಂತ ನಾನು ಕಾಯುತ್ತಿದ್ದೆ. ಮುಖಪುಟದಲ್ಲಿ ಕ್ರಿಸ್‌ಮಸ್ ಡ್ಯಾನ್ಸು! ಯುದ್ಧ ಎರಡನೇ ಪುಟದಲ್ಲಿ, ಪ್ರಿನ್ಸಿಪಾಲರ ನಾಲ್ಕು ಸಾಲು. ಪತ್ರಿಕೆ ಅದಾಗಲೇ ಅಚ್ಚಿಗೆ ಹೋಗಿತ್ತೋ ಏನೋ.

ಫೆಬ್ರವರಿಯಿಂದ ಬದಲಾವಣೆ ಕಾಣತೊಡಗುತ್ತದೆ. 1942ರ ಫೆಬ್ರವರಿ 9ಕ್ಕೆ ಇಡೀ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿದರು. ಅದಕ್ಕೆ 'ವಾರ್ ಟೈಮ್' ಅಂತಲೇ ಹೆಸರು. ಕರೆಂಟ್ ಉಳಿಸಲು ಮಾಡಿದ್ದು, 1945ರ ಸೆಪ್ಟೆಂಬರ್ ಕೊನೆಯವರೆಗೂ ಚಳಿಗಾಲ ಬೇಸಿಗೆ ಅನ್ನದೆ ಹಾಗೇ ಇತ್ತು. ಮಿಶಿಗನ್ನಿನಲ್ಲಿ ಇದರ ಅರ್ಥ ಏನು ಗೊತ್ತಾ? ಮುಂದಿನ ಜನವರಿಯಲ್ಲಿ ಡೆಟ್ರಾಯಿಟ್ ಕಡೆ ಸೂರ್ಯ ಹುಟ್ಟುತ್ತಿದ್ದದ್ದು ಗಡಿಯಾರದಲ್ಲಿ ಒಂಬತ್ತು ಗಂಟೆಗೆ. ಮೊದಲ ಪಾಠ ಮುಗಿಯುವವರೆಗೂ ಹೊರಗೆ ಕತ್ತಲೆ. ಅದು ಹಾಗಿರಲಿ, ತುಮಕೂರಿನಿಂದ ಬಂದ ನನಗೆ ಇವತ್ತಿನ ಎಂಟು ಗಂಟೆ ಸೂರ್ಯೋದಯವೇ ಶಿಕ್ಷೆ.

ಈ ವಿಷಯವನ್ನು ನನಗೆ ಚೆನ್ನಾಗಿ ಹೇಳಿದ್ದು ಒಬ್ಬ ಅಜ್ಜಿ. 1945ರಲ್ಲಿ ಇದೇ ಶಾಲೆ ಮುಗಿಸಿದವರು. ವಯಸ್ಸು ತೊಂಬತ್ತೇಳು. ವೃದ್ಧಾಶ್ರಮದಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಖಡಕ್. ನಮ್ಮ ಲೈಬ್ರರಿಯವರಿಗೆ ಪರಿಚಯ. ತಿಂಗಳಿಗೆ ಎರಡು ಸಲ ಪ್ರಿಂಟ್ ತೆಗೆದ ಪುಟಗಳನ್ನು ಹಿಡಿದು ನಾನೂ ಮಗಳೂ ಹೋಗುತ್ತಿದ್ದೆವು. ಫೋಟೋದಲ್ಲಿರುವವರು ಯಾರು ಅಂತ ಕೇಳಲು ಹೋಗಿದ್ದು, ಅವರು ಹೇಳುತ್ತಿದ್ದದ್ದು ಬೇರೆಯೇ. "ಕತ್ತಲಲ್ಲಿ ಬಸ್ಸಿಗೆ ಕಾಯುವಾಗ ಹುಡುಗರ ಮುಖ ಕಾಣ್ತಿರಲಿಲ್ಲ. ದನಿ ಕೇಳಿ ಯಾರು ಅಂತ ಹೇಳ್ತಿದ್ದೆವು. ಈಗ ನನಗೆ ಮುಖ ತೋರಿಸಿದರೆ ಏನು ಪ್ರಯೋಜನ?" ಅಂದರು ಮೊದಲ ದಿನ. ಮಗಳಿಗೆ ಆವತ್ತೇ ಅವರು ಇಷ್ಟವಾಗಿಬಿಟ್ಟರು.

ಮೇ ತಿಂಗಳ ಸಂಚಿಕೆಯಲ್ಲಿ ಪಾಠಗಳಿಗೆ ಬಿಡುವು ಅಂತ ಒಂದು ಸೂಚನೆ ಇತ್ತು. ಯಾಕೆ ಅಂದರೆ ಸಕ್ಕರೆ. 1942ರ ಮೇ 4ರಿಂದ 7ರವರೆಗೆ ದೇಶದ ಜನರೆಲ್ಲ ಮೊದಲ ರೇಷನ್ ಪುಸ್ತಕಕ್ಕೆ ಹೆಸರು ಬರೆಸಬೇಕಿತ್ತು. ಆ ಕೆಲಸ ಬಿದ್ದದ್ದು ಮೇಷ್ಟ್ರುಗಳ ತಲೆಗೆ. ತಲೆಗೆ ವಾರಕ್ಕೆ ಅರ್ಧ ಪೌಂಡ್ ಸಕ್ಕರೆ. ಮನೆಯಲ್ಲಿ ಈಗ ಎಷ್ಟು ಇದೆ ಅಂತ ಜನ ಬಾಯಿಬಿಟ್ಟು ಹೇಳಬೇಕು, ಜಾಸ್ತಿ ಇದ್ದರೆ ಮೇಷ್ಟ್ರು ಅಷ್ಟು ಚೀಟಿ ಅಲ್ಲೇ ಹರಿದುಕೊಳ್ಳಬೇಕು. ನಮ್ಮ ಕಡೆ ಜನಗಣತಿಗೂ ಚುನಾವಣೆಗೂ ಮೇಷ್ಟ್ರುಗಳನ್ನೇ ಓಡಿಸುತ್ತಾರಲ್ಲ, ಓದುವಾಗ ಯಾರದೋ ದೂರದ ದೇಶದ ಕಥೆ ಅನ್ನಿಸಲಿಲ್ಲ. ಅಜ್ಜಿಯ ತಾಯಿ ಎಷ್ಟು ಸಕ್ಕರೆ ಇದೆ ಅಂತ ಸುಳ್ಳು ಹೇಳಿದ್ದರಂತೆ. ಮೇಷ್ಟ್ರು ಪಕ್ಕದ ಮನೆಯವರೇ. ಗೊತ್ತಿದ್ದೂ ಸುಮ್ಮನಿದ್ದರಂತೆ.

ಈಗ ವಿಮಾನದ ವಿಷಯ. ಇದರಲ್ಲಿ ನಾನು ಮೂರು ವಾರ ಕಳೆದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಡವಾದವರು ಮುಂದಕ್ಕೆ ಹೋಗಿ.

1942ರ ಆರಂಭದಲ್ಲಿ ಅಮೆರಿಕದ ನೌಕಾಪಡೆ ಹೈಸ್ಕೂಲುಗಳಿಗೆ ಒಂದು ಕೆಲಸ ಕೊಟ್ಟಿತು. ಐದು ಲಕ್ಷ ಮರದ ವಿಮಾನ ಮಾಡಿಕೊಡಿ ಅಂತ. ಆಟಕ್ಕಲ್ಲ. ಆಕಾಶದಲ್ಲಿ ಬರುತ್ತಿರುವುದು ನಮ್ಮದೋ ಶತ್ರುವಿನದೋ ಅಂತ ಗುರುತಿಸಲು ಸೈನಿಕರಿಗೆ ಕಲಿಸಬೇಕಿತ್ತು. ಐವತ್ತು ಬಗೆಯ ವಿಮಾನ, ಒಂದೊಂದರಲ್ಲೂ ಹತ್ತು ಸಾವಿರ. ಅಳತೆ ಎಲ್ಲಕ್ಕೂ ಒಂದೇ, 72ಕ್ಕೆ 1, ಅಂದರೆ ನಿಜವಾದ ವಿಮಾನದ ಆರು ಅಡಿ ಇಲ್ಲಿ ಒಂದು ಇಂಚು. ಬಣ್ಣ ಕಪ್ಪು ಮಾತ್ರ, ಯಾಕೆಂದರೆ ಬೆಳಕಿಗೆ ಎದುರಾಗಿ ಆಕಾಶದಲ್ಲಿ ಕಾಣುವುದು ಆಕಾರ ಅಷ್ಟೇ. ಮೂವತ್ತೈದು ಅಡಿ ದೂರದಲ್ಲಿ ನಿಂತು ಈ ಮಾಡೆಲ್ ನೋಡಿದರೆ ನಿಜವಾದ ವಿಮಾನವನ್ನು ಸುಮಾರು ಅರ್ಧ ಮೈಲಿಯಿಂದ ನೋಡಿದ ಹಾಗೆ. ಗುಣಿಸಿ ನೋಡಿ, ಸರಿಯಾಗಿ ಬರುತ್ತದೆ. ಇವತ್ತಿಗೂ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ವಿಮಾನದ ಕಿಟ್ಟುಗಳಲ್ಲಿ ಇದೇ ಅಳತೆ ತುಂಬ ಸಾಮಾನ್ಯ.

ನಮ್ಮ ಪೆಟ್ಟಿಗೆಯಲ್ಲಿ ಒಂದು ಫೋಟೋ ಇತ್ತು. ಮರಗೆಲಸದ ಕ್ಲಾಸು, ಉದ್ದನೆ ಮೇಜು, ಮೇಜಿನ ಮೇಲೆ ಸಾಲಾಗಿ ಕರಿ ವಿಮಾನಗಳು, ಹಿಂದೆ ಏಳು ಹುಡುಗರು. ಎಡಗಡೆಯ ತುದಿಯಲ್ಲಿ ಒಬ್ಬ ಸಣಕಲ. ಅವನು ಕ್ಯಾಮೆರಾ ನೋಡುತ್ತಿಲ್ಲ, ಕೈಯಲ್ಲಿರುವ ರೆಕ್ಕೆಯನ್ನೇ ನೋಡುತ್ತಿದ್ದಾನೆ. ಈ ಹುಡುಗನನ್ನು ನೆನಪಿಟ್ಟುಕೊಳ್ಳಿ. ಹೆಸರು ಬರೆಯುವುದಿಲ್ಲ, ಅವರ ಮನೆಯವರು ಈಗಲೂ ಇಲ್ಲೇ ಇದ್ದಾರೆ.

ಫೋಟೋ ನೋಡಿದ ಮೇಲೆ ಮಗಳು, "ಅಪ್ಪ, ನಾವೂ ಒಂದು ಮಾಡೋಣ" ಅಂದಳು. ಎಂಜಿನಿಯರ್ ಅಲ್ವಾ ನಾನು, ಇದೇನು ಮಹಾ ಅಂದುಕೊಂಡೆ. ಜಪಾನಿನ ಝೀರೋ ವಿಮಾನ ಆರಿಸಿಕೊಂಡೆವು. ನಿಜವಾದದ್ದರ ರೆಕ್ಕೆ ಈ ತುದಿಯಿಂದ ಆ ತುದಿಗೆ 39 ಅಡಿ ಚಿಲ್ಲರೆ, ನಮ್ಮದು ಆರೂವರೆ ಇಂಚಿಗೆ ಸ್ವಲ್ಪ ಹೆಚ್ಚು. ನಾನು ಬಾಲ್ಸಾ ಅನ್ನುವ ಹಗುರ ಮರ ತರಲು ಹೊರಟರೆ ಮಗಳು ಬಿಡಲಿಲ್ಲ. ಆಗ ಬಾಲ್ಸಾ ಎಲ್ಲ ಯುದ್ಧದ ಕೆಲಸಕ್ಕೆ ಹೋಗುತ್ತಿತ್ತು, ಹುಡುಗರು ಪೈನ್‌ನಂಥ ಸಿಕ್ಕ ಮರದಲ್ಲೇ ಕೆತ್ತಿದ್ದು, ನಾವೂ ಹಾಗೇ ಮಾಡಬೇಕು ಅಂತ ಹಟ. ಸರಿ, ಪೈನ್ ತಂದೆವು. ನಕ್ಷೆಯ ಆಕಾರಕ್ಕೆ ರಟ್ಟು ಕತ್ತರಿಸಿ ಅಚ್ಚು ಮಾಡಿಕೊಂಡು, ಮರ ಕೆತ್ತುತ್ತಾ ಆ ರಟ್ಟನ್ನು ಮೇಲಿಟ್ಟು ಎಲ್ಲಿ ಉಬ್ಬಿದೆ ಎಲ್ಲಿ ತಗ್ಗಿದೆ ನೋಡುತ್ತಾ ಹೋಗಬೇಕು. ಮೊದಲನೆಯದರಲ್ಲಿ ನನ್ನ ಉಳಿ ಜಾರಿ ರೆಕ್ಕೆ ಸೀಳಿತು. ಎರಡನೆಯದರಲ್ಲಿ ಒಂದು ರೆಕ್ಕೆ ದಪ್ಪ, ಒಂದು ತೆಳು. ಮೂರನೆಯದು ಮಗಳು ಮಾಡಿದ್ದು, ನೋಡುವ ಹಾಗಿತ್ತು. ಕಪ್ಪು ಬಣ್ಣ ಬಳಿದು ಅಜ್ಜಿಯ ಹತ್ತಿರ ತೆಗೆದುಕೊಂಡು ಹೋದೆವು. ಅವರು ಕೈಯಲ್ಲಿ ಹಿಡಿದು ತಿರುಗಿಸಿ, "ಬಾಲ ಡೊಂಕು. ನಮ್ಮ ಮೇಷ್ಟ್ರಾಗಿದ್ದರೆ ವಾಪಸ್ ಕೊಡ್ತಿದ್ದರು" ಅಂದರು. ಸರಿ ಬಂದದ್ದಕ್ಕೆ ಮಾತ್ರ ಸರ್ಟಿಫಿಕೇಟು. ಎಷ್ಟು ಮಾಡಿದೆ ಅನ್ನುವುದರ ಮೇಲೆ ಹುಡುಗನಿಗೆ ಒಂದು ಗೌರವ ಪದವಿ ಬೇರೆ.

ಪಾಠಗಳೂ ಆ ಕಡೆಗೇ ವಾಲಿದವು. ನೌಕಾಪಡೆಯ ಅಡ್ಮಿರಲ್ ನಿಮಿಟ್ಸ್, ಹುಡುಗರಿಗೆ ಲೆಕ್ಕ ಬರುವುದಿಲ್ಲ ಅಂತ ಒಂದು ಪತ್ರ ಬರೆದಿದ್ದರು. ಅಧಿಕಾರಿ ತರಬೇತಿಗೆ ಸೇರಲು ಬಂದ ಕಾಲೇಜು ಹುಡುಗರೂ ಸಾಮಾನ್ಯ ಲೆಕ್ಕದ ಪರೀಕ್ಷೆಯಲ್ಲಿ ಬೀಳುತ್ತಿದ್ದಾರೆ ಅಂತ ಅವರ ದೂರು. ಆ ಪತ್ರ ದೇಶವೆಲ್ಲ ಸುತ್ತಿತು. ಯಾರೂ ಕೇಳದಿದ್ದ ತ್ರಿಕೋನಮಿತಿಗೆ ಇದ್ದಕ್ಕಿದ್ದಂತೆ ಮರ್ಯಾದೆ. ಸೇನೆಗೆ ಸೇರುವ ಮುಂಚೆಯೇ ಕಲಿತುಬರಲಿ ಅಂತ ವಿದ್ಯುತ್ತು, ಯಂತ್ರ, ರೇಡಿಯೋ, ಮೋಟಾರು ರಿಪೇರಿ ಇವಕ್ಕೆ ಸರ್ಕಾರವೇ ಪಾಠದ ರೂಪುರೇಷೆ ಕಳಿಸಿತು. ವಿಮಾನ ಹಾರುವುದರ ಹಿಂದಿನ ವಿಜ್ಞಾನ ಹೇಳಿಕೊಡುವ ಹೊಸ ವಿಷಯವೂ ಬಂತು. ಚೂರುಪಾರುಗಳ ಮಧ್ಯೆ ಒಂದು ಪ್ರಶ್ನೆಪತ್ರಿಕೆ ಸಿಕ್ಕಿತು. ಗಾಳಿ ಈ ದಿಕ್ಕಿನಿಂದ ಇಷ್ಟು ವೇಗದಲ್ಲಿ ಬೀಸುತ್ತಿದೆ, ವಿಮಾನ ಆ ಊರಿಗೆ ಹೋಗಬೇಕು, ಮೂತಿ ಎತ್ತ ತಿರುಗಿಸಬೇಕು ಅನ್ನುವಂಥ ಲೆಕ್ಕಗಳು. ಮಗಳು ಪೆನ್ಸಿಲ್ ಹಿಡಿದು ಹತ್ತು ನಿಮಿಷದಲ್ಲಿ ಮಾಡಿದಳು. ನನಗೆ ಹದಿನೈದು ಹಿಡಿಯಿತು. ಅದರಲ್ಲೂ ಒಂದು ತಪ್ಪು. ಲೆಕ್ಕ ಕಷ್ಟದ್ದಲ್ಲ. ಆದರೆ ಪ್ರಶ್ನೆಯಲ್ಲಿ ವಿಮಾನ ಬಾಂಬು ಹಾಕಿ ವಾಪಸ್ ಬರುವಷ್ಟು ಪೆಟ್ರೋಲ್ ಇದೆಯಾ ಅಂತ ಕೇಳಿದ್ದರು. ನಮಗೆ ತೊಟ್ಟಿ ತುಂಬುವ ನಲ್ಲಿ, ಎದುರುಬದುರು ಬರುವ ರೈಲುಗಳ ಲೆಕ್ಕ ಇದ್ದ ಹಾಗೆ ಅವರಿಗೆ ಇದು.

ವ್ಯಾಯಾಮದ ಪೀರಿಯಡ್ಡು ಕವಾಯತಾಯಿತು. ಗೋಡೆ ಹತ್ತು, ಹಗ್ಗ ಹಿಡಿದು ಜೋತಾಡು, ಕೆಸರಲ್ಲಿ ತೆವಳು. 1942ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಶಿಕ್ಷಣ ಕಚೇರಿ 'ವಿಕ್ಟರಿ ಕೋರ್' ಅಂತ ಹೈಸ್ಕೂಲು ಮಕ್ಕಳ ದಳವೊಂದನ್ನು ಶುರು ಮಾಡಿತು. ಗಾಳಿ, ನೆಲ, ಕಡಲು, ಉತ್ಪಾದನೆ, ಸಮಾಜಸೇವೆ ಅಂತ ಅದರಲ್ಲಿ ಐದು ವಿಭಾಗ. ವಿ ಅಕ್ಷರದ ಗುರುತು, ತಲೆಗೊಂದು ಟೋಪಿ. ಸೇರಬೇಕಾದರೆ ವ್ಯಾಯಾಮ ಮಾಡಬೇಕು, ಯುದ್ಧಕ್ಕೆ ಬೇಕಾದ ಒಂದು ವಿಷಯ ಓದಬೇಕು, ಒಂದು ಸೇವೆ ಮಾಡಬೇಕು. ಮಗಳು ತನ್ನ ನಲವತ್ತು ಗಂಟೆಯ ಫಾರಂ ತೆಗೆದು ನನ್ನ ಮುಖಕ್ಕೆ ಹಿಡಿದಳು. ಎರಡೇ ವರ್ಷಕ್ಕೆ, 1944ರಲ್ಲಿ ಆ ದಳ ಮುಚ್ಚಿಹೋಯಿತು. ನಮ್ಮ ಪತ್ರಿಕೆಯಲ್ಲಿ ಅದು ಶುರುವಾದಾಗ ಮುಖಪುಟ, ಮುಚ್ಚಿದಾಗ ಒಂದು ಸಾಲೂ ಇಲ್ಲ. ನಾನು ಎರಡು ಸಲ ಹುಡುಕಿದೆ.

ಅಜ್ಜಿಗೆ ಈ ಟೋಪಿಯ ಬಗ್ಗೆ ಏನೂ ಗೌರವ ಇರಲಿಲ್ಲ. ಅವರಿಗೆ ನೆನಪಿದ್ದದ್ದು ಲೇತ್. ಹುಡುಗಿಯರನ್ನು ಮೊದಲ ಸಲ ವರ್ಕ್‌ಶಾಪಿನ ಒಳಗೆ ಬಿಟ್ಟದ್ದು ಆಗಲೇ. ಅದಕ್ಕೆ ಮುಂಚೆ ಅವರಿಗೆ ಹೊಲಿಗೆ, ಅಡುಗೆ, ಟೈಪಿಂಗ್. ನಮ್ಮೂರಿನಿಂದ ಹತ್ತಿರದಲ್ಲೇ ವಿಲ್ಲೋ ರನ್ ಕಾರ್ಖಾನೆ. ಫೋರ್ಡ್ ಕಂಪನಿ ಅಲ್ಲಿ ಬಿ-24 ಬಾಂಬರ್ ವಿಮಾನ ಮಾಡುತ್ತಿತ್ತು, ಒಟ್ಟು 8,685. ಜೋರಾಗಿ ನಡೆಯುತ್ತಿದ್ದಾಗ ಗಂಟೆಗೊಂದು ವಿಮಾನ ಹೊರಬರುತ್ತಿತ್ತು. ಕೆಂಟಕಿ, ಟೆನೆಸ್ಸೀ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳೆಲ್ಲ ಸುತ್ತಲಿನ ಶಾಲೆಗಳಿಗೆ ಸೇರಿದರು. 1943ರ ಹೆಸರುಗಳ ಪಟ್ಟಿ ಮಾಡುವಾಗ ನನಗೆ ತಲೆ ಕೆಟ್ಟದ್ದು ಅದಕ್ಕೇ. ಹೊಸ ಹೆಸರು ಬರುತ್ತದೆ, ಮೂರು ತಿಂಗಳು ಇರುತ್ತದೆ, ಮತ್ತೆ ಕಾಣುವುದಿಲ್ಲ. ಅವರ ಮಾತಿನ ರಾಗವನ್ನು ಊರಿನ ಹುಡುಗರು ಆಡಿಕೊಳ್ಳುತ್ತಿದ್ದರಂತೆ. ಪತ್ರಿಕೆಯ ನಗೆಹನಿಗಳಲ್ಲೂ ಅದೇ. ಓದಿ ನನಗೆ ನಗು ಬರಲಿಲ್ಲ, ನನ್ನ ಇಂಗ್ಲಿಷಿನ ರಾಗವನ್ನೂ ಇಲ್ಲಿ ಆಡಿಕೊಂಡವರಿದ್ದಾರೆ.

ಹದಿನಾರು ತುಂಬಿದವರನ್ನು ಕಾರ್ಖಾನೆ, ಅಂಗಡಿ, ಹೊಲ ಎಲ್ಲವೂ ಎಳೆಯುತ್ತಿದ್ದವು. ಕೆಲವು ಕಡೆ ಅರ್ಧ ದಿನ ಶಾಲೆ, ಅರ್ಧ ದಿನ ಕೆಲಸ ಅಂತ ಒಪ್ಪಂದ ಮಾಡಿಕೊಂಡರು. ದೇಶದಲ್ಲಿ ಹೈಸ್ಕೂಲಿಗೆ ಬರುವ ಮಕ್ಕಳ ಸಂಖ್ಯೆ ಯುದ್ಧದ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಇಳಿಯಿತು. ಕೊನೆಗೆ, ಮರಳಿ ಶಾಲೆಗೆ ಬನ್ನಿ ಅಂತ ಸರ್ಕಾರವೇ ಪ್ರಚಾರ ಮಾಡಬೇಕಾಯಿತು. ಮೇಷ್ಟ್ರುಗಳೂ ಹೋದರು, ಕೆಲವರು ಸೇನೆಗೆ, ಕೆಲವರು ಜಾಸ್ತಿ ಸಂಬಳದ ಕಾರ್ಖಾನೆಗೆ. ಅದಕ್ಕೆ ಮುಂಚೆ ಎಷ್ಟೋ ಊರುಗಳಲ್ಲಿ ಮದುವೆಯಾದ ಹೆಂಗಸರಿಗೆ ಟೀಚರ್ ಕೆಲಸ ಕೊಡುತ್ತಿರಲಿಲ್ಲ. ಈಗ ಅವರನ್ನೇ ಮನೆ ಬಾಗಿಲಿಗೆ ಹೋಗಿ ಕರೆದರು.

ಪತ್ರಿಕೆ ತುಂಬ ಲೆಕ್ಕ. ಯುದ್ಧದ ಕೆಲಸಕ್ಕೆ ಅಂತ ಯಾವ ಕ್ಲಾಸು ಈ ವಾರ ಎಷ್ಟು ಗುಜರಿ ತಂದಿತು, ಎಷ್ಟು ರಬ್ಬರು, ಎಷ್ಟು ಡಬ್ಬಿ ಕೊಬ್ಬು. ಮಾಂಸ ಹುರಿದು ಉಳಿದ ಜಿಡ್ಡಿನಿಂದ ಗ್ಲಿಸರಿನ್, ಗ್ಲಿಸರಿನ್ನಿನಿಂದ ಸಿಡಿಮದ್ದು. ಯುದ್ಧದ ಬಾಂಡು ಹದಿನೆಂಟು ಡಾಲರ್ ಎಪ್ಪತ್ತೈದು ಸೆಂಟ್, ಹತ್ತು ವರ್ಷ ಬಿಟ್ಟು ಇಪ್ಪತ್ತೈದು ಡಾಲರ್ ವಾಪಸ್. ಮಕ್ಕಳ ಹತ್ತಿರ ಅಷ್ಟೆಲ್ಲಿ? ಹಾಗಾಗಿ ಹತ್ತು ಸೆಂಟಿನ ಚೀಟಿ ಕೊಂಡು ಪುಸ್ತಕಕ್ಕೆ ಅಂಟಿಸುವುದು. 187 ಚೀಟಿ ಮತ್ತೆ ಐದು ಸೆಂಟ್ ಆದರೆ ಒಂದು ಬಾಂಡು. ನೂರಕ್ಕೆ ತೊಂಬತ್ತು ಮಕ್ಕಳು ತಿಂಗಳಿಗೆ ಚೀಟಿ ಕೊಂಡರೆ ಶಾಲೆಯ ಮುಂದೆ ಒಂದು ವಿಶೇಷ ಬಾವುಟ ಹಾರಿಸಬಹುದು. ಕೊಳ್ಳಲಾಗದ ಹತ್ತು ಮಕ್ಕಳ ಗತಿ ಏನು ಅಂತ ನಾನು ಅಜ್ಜಿಯನ್ನು ಕೇಳಿದೆ. "ಅವರ ಹೆಸರು ಎಲ್ಲರಿಗೂ ಗೊತ್ತಿರ್ತಿತ್ತು" ಅಂದರು. ಅಷ್ಟೇ ಹೇಳಿದ್ದು.

1944ರ ಸೆಪ್ಟೆಂಬರ್ ಸಂಚಿಕೆಗೆ ಬಂದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮಕ್ಕಳೆಲ್ಲ ಈರುಳ್ಳಿ ಚೀಲ ಹಿಡಿದು ರಸ್ತೆ ಬದಿಯಲ್ಲಿ ಮಿಲ್ಕ್‌ವೀಡ್ ಕಾಯಿ ಕೀಳಬೇಕು ಅಂತ ಸೂಚನೆ. ಈ ಗಿಡ ನಮ್ಮ ಎಕ್ಕದ ಬಂಧು, ಒಂದೇ ಕುಟುಂಬ. ಮುರಿದರೆ ಅದೇ ಬಿಳಿ ಹಾಲು, ಒಣಗಿದರೆ ಅದೇ ಥರ ಕಾಯಿ ಬಿರಿದು ರೇಷ್ಮೆಯಂಥ ಹತ್ತಿ. ನಾವು ಚಿಕ್ಕವರಿದ್ದಾಗ ಎಕ್ಕದ ಹತ್ತಿ ಊದಿ ಹಾರಿಸುತ್ತಿದ್ದೆವಲ್ಲ, ಅದೇ. ಇವರಿಗೆ ಅದು ಯಾಕೆ ಬೇಕಾಯಿತು? ಹಡಗಿನವರು ಹಾಕಿಕೊಳ್ಳುವ ತೇಲುವ ಜಾಕೆಟ್ಟಿಗೆ ಬೂರುಗದ ಜಾತಿಯ ಹತ್ತಿ ತುಂಬುತ್ತಿದ್ದರು. ಅದು ಬರುತ್ತಿದ್ದದ್ದು ಜಾವಾದಿಂದ. ಜಾವಾ ಜಪಾನಿನ ಕೈಗೆ ಬಿತ್ತು. ಮಿಲ್ಕ್‌ವೀಡ್ ಹತ್ತಿಗೂ ನೀರು ಹತ್ತುವುದಿಲ್ಲ, ತೇಲುತ್ತದೆ. ಎರಡು ಚೀಲ ಕಾಯಿಗೆ ಒಂದು ಜಾಕೆಟ್, ಎರಡು ಚೀಲಕ್ಕೆ ಒಂದು ಜೀವ ಅಂತ ಪ್ರಚಾರ. ಕಾಯಿಯಿಂದ ಹತ್ತಿ ಬಿಡಿಸುವ ಕಾರ್ಖಾನೆ ಇದೇ ಮಿಶಿಗನ್ನಿನ ಪೆಟೋಸ್ಕಿ ಊರಿನಲ್ಲಿತ್ತು. ಚೀಲಗಳನ್ನು ಬೇಲಿಗೆ ನೇತುಹಾಕಿ ಒಣಗಿಸುತ್ತಿದ್ದರಂತೆ. ಅಜ್ಜಿ ಹೇಳಿದ್ದು, "ಪಾಠ ಇಲ್ಲ ಅಂತ ಖುಷಿ. ಮನೆಗೆ ಬಂದರೆ ಕೈಯೆಲ್ಲ ಅಂಟು, ಕೂದಲೆಲ್ಲ ಹತ್ತಿ. ಒಂದು ವಾರ ನಾಯಿ ನನ್ನನ್ನು ನೋಡಿ ಬೊಗಳ್ತಿತ್ತು." ಈಗ ಅದೇ ಗಿಡವನ್ನು ಮೊನಾರ್ಕ್ ಚಿಟ್ಟೆಗೆ ಅಂತ ನಮ್ಮ ಬೀದಿಯಲ್ಲಿ ದುಡ್ಡು ಕೊಟ್ಟು ತಂದು ನೆಡುತ್ತಾರೆ.

ಒಂದು ಫೋಟೋ ಸ್ಕ್ಯಾನ್ ಆಗುತ್ತಿದ್ದಾಗ ಮಗಳು, "ಅಪ್ಪ, ಇವರೆಲ್ಲ ನಾಝಿಗಳಾ?" ಅಂದಳು. 1940ರ ಕ್ಲಾಸು. ಮಕ್ಕಳೆಲ್ಲ ಅಮೆರಿಕದ ಬಾವುಟದ ಕಡೆ ಬಲಗೈ ಉದ್ದಕ್ಕೆ ಚಾಚಿ ನಿಂತಿದ್ದಾರೆ. ನನಗೂ ಒಂದು ಕ್ಷಣ ದಿಗಿಲಾಯಿತು. ಆಮೇಲೆ ಲೈಬ್ರರಿಯವರು ಹೇಳಿದರು, ಇಲ್ಲಿ ಬಾವುಟಕ್ಕೆ ವಂದನೆ ಮಾಡುತ್ತಿದ್ದದ್ದೇ ಹಾಗಂತೆ, ಹಿಟ್ಲರ್‌ಗಿಂತ ಎಷ್ಟೋ ಮುಂಚಿನಿಂದ. 1942ರ ಡಿಸೆಂಬರ್‌ನಲ್ಲಿ ಸಂಸತ್ತು ಕಾನೂನು ತಿದ್ದಿ, ಎದೆಯ ಮೇಲೆ ಕೈ ಇಡಿ ಅಂತ ಮಾಡಿತು. ಮುಂದಿನ ವರ್ಷ ಜೂನ್ 14ರಂದು ಸುಪ್ರೀಂ ಕೋರ್ಟ್ ಇನ್ನೂ ದೊಡ್ಡ ಮಾತು ಹೇಳಿತು. ವೆಸ್ಟ್ ವರ್ಜೀನಿಯಾದ ಯೆಹೋವನ ಸಾಕ್ಷಿಗಳ ಪಂಥದ ಮಕ್ಕಳು ವಂದನೆ ಮಾಡಲಿಲ್ಲ ಅಂತ ಶಾಲೆಯಿಂದ ತೆಗೆದಿದ್ದರು, ಒತ್ತಾಯ ಮಾಡುವ ಹಾಗಿಲ್ಲ ಅಂತ ತೀರ್ಪು. ಯುದ್ಧ ನಡೆಯುತ್ತಿದ್ದಾಗಲೇ! ನಮ್ಮ ಸುಪ್ರೀಂ ಕೋರ್ಟಿಗೂ ಇಂಥದ್ದೇ ಕೇಸು ಬಂದಿತ್ತು, ಕೇರಳದ ಮಕ್ಕಳದ್ದು, ರಾಷ್ಟ್ರಗೀತೆಯ ವಿಷಯ, 1986ರಲ್ಲಿ. ಅಲ್ಲೂ ಮಕ್ಕಳೇ ಗೆದ್ದರು.

ಅದೇ ಕೋರ್ಟು, ಅದೇ ದೇಶ, ಪಶ್ಚಿಮ ಕರಾವಳಿಯ ಜಪಾನಿ ಮೂಲದ ಮಕ್ಕಳಿಗೆ ಮಾಡಿದ್ದು ಬೇರೆ. ನಮ್ಮ ಊರಿನ ಪೆಟ್ಟಿಗೆಗಳಲ್ಲಿ ಅದರ ಬಗ್ಗೆ ಒಂದು ಅಕ್ಷರವೂ ಇಲ್ಲ, ನಾನು ಬೇರೆ ಕಡೆ ಹುಡುಕಿ ಓದಿದ್ದು. 1942ರ ಫೆಬ್ರವರಿ 19ರ ಆದೇಶದ ನಂತರ ಸುಮಾರು 1,20,000 ಜನರನ್ನು ಮುಳ್ಳುತಂತಿಯ ಒಳಗೆ ಹಾಕಿದರು. ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದವರು. ಆ ಶಿಬಿರಗಳಲ್ಲೂ ಹೈಸ್ಕೂಲು ನಡೆದವು. ಮೊದಮೊದಲು ಕುರ್ಚಿ ಇಲ್ಲ, ಪುಸ್ತಕ ಇಲ್ಲ, ನೆಲದ ಮೇಲೆ ಕೂತು ಪಾಠ. ಆಮೇಲೆ ಪತ್ರಿಕೆ, ಫುಟ್‌ಬಾಲ್, ಡ್ಯಾನ್ಸು, ಇಯರ್‌ಬುಕ್ಕು ಎಲ್ಲ. ಬೆಳಿಗ್ಗೆ ಎದ್ದು ಬಾವುಟದ ಪ್ರತಿಜ್ಞೆ, ಸರ್ವರಿಗೂ ಸ್ವಾತಂತ್ರ್ಯ ಮತ್ತು ನ್ಯಾಯ ಅಂತ. ಕ್ಯಾಲಿಫೋರ್ನಿಯಾದ ಮ್ಯಾಂಜನಾರ್ ಶಿಬಿರದಲ್ಲಿ ಫೋಟೋಗ್ರಾಫರ್ ತೋಯೋ ಮಿಯಾತಾಕೆ ಇದ್ದರು. ಅಲ್ಲಿನ 1945ರ ಇಯರ್‌ಬುಕ್ಕಿನಲ್ಲಿ ಅವರ ಒಂದು ಫೋಟೋ ಇದೆ. ಒಂದು ಕೈ, ಕೈಯಲ್ಲಿ ತಂತಿ ಕತ್ತರಿಸುವ ಕಟಿಂಗ್ ಪ್ಲೇಯರ್, ಅದರ ಬಾಯಲ್ಲಿ ಮುಳ್ಳುತಂತಿ, ಹಿಂದೆ ಕಾವಲು ಗೋಪುರ. ಮಗಳು ಅದನ್ನು ಪ್ರಿಂಟ್ ತೆಗೆದು ತನ್ನ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದಾಳೆ.

ಇನ್ನು ಹೆಸರುಗಳ ಪಟ್ಟಿ. 1942ರ ನವೆಂಬರ್‌ನಲ್ಲಿ ಸೇನೆಗೆ ಕಡ್ಡಾಯವಾಗಿ ಸೇರಿಸಿಕೊಳ್ಳುವ ವಯಸ್ಸನ್ನು ಹದಿನೆಂಟಕ್ಕೆ ಇಳಿಸಿದರು. ಅಂದರೆ ಹೈಸ್ಕೂಲಿನ ಕೊನೆಯ ವರ್ಷದ ಹುಡುಗ. ಪಟ್ಟಿಯಲ್ಲಿ ಸಾಲು ಸಾಲು ಹೆಸರು ಫೆಬ್ರವರಿ, ಮಾರ್ಚ್‌ಗೆ ನಿಂತುಹೋಗುತ್ತವೆ. ಜೂನ್‌ನಲ್ಲಿ ಪದವಿ ಕೊಡುವ ದಿನ ಕೆಲವರದ್ದನ್ನು ತಾಯಿ ಬಂದು ತೆಗೆದುಕೊಂಡರು. ಪತ್ರಿಕೆಯ ಮೂರನೇ ಪುಟದಲ್ಲಿ ಹೋದವರ ಸುದ್ದಿಗೆ ಒಂದು ಕಾಲಂ. ಸಭಾಂಗಣದಲ್ಲಿ ಒಂದು ಬಟ್ಟೆಯ ಬಾವುಟ, ಸೇನೆಯಲ್ಲಿರುವ ಒಬ್ಬೊಬ್ಬನಿಗೆ ಒಂದೊಂದು ನೀಲಿ ನಕ್ಷತ್ರ, ಸತ್ತರೆ ಅದು ಬಂಗಾರದ ಬಣ್ಣಕ್ಕೆ. ಇಯರ್‌ಬುಕ್ಕುಗಳು ವರ್ಷವರ್ಷಕ್ಕೆ ತೆಳ್ಳಗಾಗುತ್ತವೆ, ಕಾಗದ ಇಲ್ಲ. 1944ರದ್ದಕ್ಕೆ ರಟ್ಟು ಕೂಡ ಇಲ್ಲ. ನಾನು ಈ ಪುಟಗಳನ್ನು ಮಾಡುವಾಗ ನನ್ನ ಅಜ್ಜನ ನೆನಪು ಬಂತು. 1942ರಲ್ಲಿ ಅವರೂ ಹೈಸ್ಕೂಲಿನಲ್ಲಿದ್ದವರು, ತುಮಕೂರಿನಲ್ಲಿ. ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಅಂತ ಕ್ಲಾಸು ಬಿಟ್ಟು ಹೊರಗೆ ಬಂದವರು ಮತ್ತೆ ಒಳಗೆ ಹೋಗಲೇ ಇಲ್ಲ. ಅವರ ಹೆಸರು ಯಾವ ರಿಜಿಸ್ಟರಿನಲ್ಲಿ ಎಲ್ಲಿ ನಿಂತಿದೆಯೋ.

ನಮ್ಮ ಸಣಕಲ ಹುಡುಗ ಕೂಡ 1943ರ ಏಪ್ರಿಲ್‌ನಲ್ಲಿ ನಿಂತುಹೋದ. ಆಮೇಲೆ 1944ರ ಫೆಬ್ರವರಿಯ ಕಾಲಂನಲ್ಲಿ ಒಂದೇ ಸಾಲು. ಭಾರತದಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದಾನೆ. ಊರಿನ ಹೆಸರಿಲ್ಲ, ಸೆನ್ಸಾರ್. ನನಗೆ ಮೈ ಜುಮ್ಮೆಂದಿತು. ಯಾಕೆ ಹೇಳಿ? ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಈಗಿನ ಎಚ್‌ಎಎಲ್, 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಶುರು ಮಾಡಿದ್ದು. 1943ರಲ್ಲಿ ಅದನ್ನು ಅಮೆರಿಕದ ವಾಯುಪಡೆ ವಹಿಸಿಕೊಂಡು ತನ್ನ ವಿಮಾನಗಳ ರಿಪೇರಿ ಅಲ್ಲೇ ಮಾಡಿಸುತ್ತಿತ್ತು. ಮಿಶಿಗನ್ನಿನ ಮರಗೆಲಸದ ಹುಡುಗ ಬೆಂಗಳೂರಿನಲ್ಲಿ! ರಾತ್ರಿಯೆಲ್ಲ ಕೂತು ಓದಿದೆ. ಅವನು ಕಂಟೋನ್ಮೆಂಟಿನಲ್ಲಿ ಸೈಕಲ್ ಹೊಡೆಯುತ್ತಿರುವುದು ಕಣ್ಣಿಗೆ ಕಟ್ಟಿತು. ಹೆಂಡತಿಗೆ ಎಬ್ಬಿಸಿ ಹೇಳಿದೆ. "ಬೆಳಿಗ್ಗೆ ಹೇಳಿ" ಅಂದಳು.

ಅಜ್ಜಿಯನ್ನು ಕೇಳಿದೆ. ಅವನಾ, ಗೊತ್ತಿಲ್ಲದೆ ಏನು ಅಂದರು. "ವಾಪಸ್ ಬಂದ. ಊರಿಗೇ ಬಂದ. ಎಲ್ಲಿದ್ದೆ ಅಂತ ಕೇಳಿದರೆ ಒಂದೇ ಮಾತು, ಮಳೆ, ಜಿಗಣೆ, ಸುತ್ತ ಟೀ ತೋಟ. ಆಮೇಲೆ ಅವನು ಜೀವಮಾನದಲ್ಲಿ ಟೀ ಕುಡಿಯಲಿಲ್ಲ."

ಅಸ್ಸಾಂ. ಹಿಮಾಲಯ ದಾಟಿ ಚೀನಾಕ್ಕೆ ಸಾಮಾನು ಹೊತ್ತು ಹೋಗುತ್ತಿದ್ದ ವಿಮಾನಗಳ ನೆಲೆ ಇದ್ದದ್ದು ಅಲ್ಲೇ. ಬೆಂಗಳೂರಲ್ಲ. ನನ್ನ ಮುಖ ನೋಡಿ ಮಗಳು ನಕ್ಕಳು.

ಕೊನೆಯ ಪೆಟ್ಟಿಗೆಯಲ್ಲಿ 1946ರ ಇಯರ್‌ಬುಕ್ಕು ಇತ್ತು. ಮತ್ತೆ ದಪ್ಪ ರಟ್ಟು, ಹೊಳೆಯುವ ಕಾಗದ. ಕೊನೆಯ ವರ್ಷದವರ ಪುಟದಲ್ಲಿ ಹದಿನೇಳರ ಮಕ್ಕಳ ಮಧ್ಯೆ ಅಲ್ಲಲ್ಲಿ ದೊಡ್ಡ ಗಂಡಸರು, ಯುದ್ಧ ಮುಗಿಸಿ ಬಂದು ಬಿಟ್ಟ ಪಾಠ ಮುಗಿಸುತ್ತಿರುವವರು. ಎಲ್ಲರೂ ಬರಲಿಲ್ಲ. ಕೆಲವರು ಸೈನಿಕರಿಗೆ ಅಂತ 1942ರಲ್ಲಿ ಶುರುವಾದ, ಹೈಸ್ಕೂಲು ಮುಗಿಸಿದ್ದಕ್ಕೆ ಸಮ ಅನ್ನಿಸಿಕೊಳ್ಳುವ ಜಿಇಡಿ ಪರೀಕ್ಷೆ ಬರೆದರು, ಕೆಲವರು ಕೆಲಸಕ್ಕೆ ಹೋದರು. ಎರಡನೇ ಸಾಲಿನಲ್ಲಿ, ಬಲಗಡೆಯಿಂದ ಮೂರನೆಯವನು, ಈಗ ಅಷ್ಟೇನೂ ಸಣಕಲ ಅಲ್ಲ. ಟೈ ಕಟ್ಟಿದ್ದಾನೆ. ಈ ಸಲವೂ ಕ್ಯಾಮೆರಾ ನೋಡುತ್ತಿಲ್ಲ.

ಮಗಳು ಪಟ್ಟಿಯಲ್ಲಿ ಅವನ ಸಾಲು ತೆಗೆದು ಪುಟದ ನಂಬರ್ ಸೇರಿಸಿದಳು. "ಭಾರತ ಅಂತ ಇರೋ ಕಡೆ ಅಸ್ಸಾಂ ಅಂತ ಹಾಕಲಾ?" ಅಂದಳು. ಪತ್ರಿಕೆಯಲ್ಲಿ ಹೇಗಿದೆಯೋ ಹಾಗೇ ಬಿಡು ಅಂದೆ. ಅವಳು ಫೈಲ್ ಸೇವ್ ಮಾಡಿ ಸ್ಕ್ಯಾನರ್ ಆರಿಸಿದಳು.